ಫಟಫಟಿಗೆ ಬಂದ ಮುಯ್ಯಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ತೂಕದ ಗುಮಾಸ್ತನಾಗಿದ್ದ ಷಡಕ್ಷರಪ್ಪನಿಗೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಕೊಲಂಬೋಗೆ ಹೋಗಬೇಕು ಅನ್ನಿಸಿತು. ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಆ ವಯಸ್ಸಿನಲ್ಲಿ ಕೆಲವರಿಗೆ ಎರಡನೆಯ ಮದುವೆಯಾಗಬೇಕು ಅನ್ನಿಸುತ್ತದೆ, ಕೆಲವರಿಗೆ ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲಬೇಕು ಅನ್ನಿಸುತ್ತದೆ. ಅವುಗಳ ಮುಂದೆ ಇದು ಯಾರಿಗೂ ತೊಂದರೆ ಕೊಡದ ಆಸೆ. ಆದರೆ ಅವನು ಹೋಗಬೇಕೆಂದಿದ್ದು ಎಲ್ಲರ ಹಾಗೆ ರೈಲು ಹತ್ತಿ ಹಡಗು ಹಿಡಿದಲ್ಲ, ತನ್ನ ಫಟಫಟಿಯ ಮೇಲೆ.

ಫಟಫಟಿ ಎಂದರೆ ಆಗಿನ ಜನ ಮೋಟಾರ್ ಸೈಕಲ್ಲಿಗೆ ಇಟ್ಟಿದ್ದ ಹೆಸರು. ಇಂಗ್ಲೆಂಡ್ ಸೀಮೆಗೆ ವಾಪಸ್ ಹೊರಟ ಒಬ್ಬ ಬಿಳಿಯ ಇಂಜಿನಿಯರು ತನ್ನ ಸಾಮಾನನ್ನೆಲ್ಲ ಹರಾಜಿಗೆ ಇಟ್ಟಿದ್ದ. ಮಿಕ್ಕವರು ಕುರ್ಚಿಗೆ, ಕನ್ನಡಿಗೆ, ಮಂಚಕ್ಕೆ ಕೂಗುತ್ತಿದ್ದಾಗ ಷಡಕ್ಷರಪ್ಪ ಒಬ್ಬನೇ ಇದಕ್ಕೆ ಕೂಗಿ, ತೊಂಬತ್ತು ರೂಪಾಯಿ ಎಣಿಸಿ, ಮನೆಯವರೆಗೆ ತಳ್ಳಿಕೊಂಡು ಬಂದ. ತಳ್ಳಿಕೊಂಡು ಏಕೆಂದರೆ ಅದು ಓಡುತ್ತಿರಲಿಲ್ಲ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಮೋಟಾರ್ ರಿಪೇರಿ ಶೆಡ್ಡು ಇಟ್ಟಿದ್ದ ಜಲೀಲ್ ಐದು ತಿಂಗಳು ಅದರ ಜೊತೆ ಗುದ್ದಾಡಿ ಜೀವ ಬರಿಸಿದ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಷಡಕ್ಷರಪ್ಪ ಅದರ ಮೇಲೆ ಕೂತು ಶಿವಮೊಗ್ಗಕ್ಕೆ ಹೋಗುವುದು, ಜಲೀಲನ ಶೆಡ್ಡಿನಲ್ಲಿ ಒಂದು ಚಹಾ ಕುಡಿಯುವುದು, ವಾಪಸ್ ಬರುವುದು. ದಾರಿಯಲ್ಲಿ ಎತ್ತುಗಳು ಬೆದರಿ ಗಾಡಿ ಸಮೇತ ಗದ್ದೆಗೆ ಇಳಿಯುತ್ತಿದ್ದವು. ಬೈಗುಳ ಯಥೇಚ್ಛವಾಗಿ ಬೀಳುತ್ತಿತ್ತು, ಆದರೆ ಸದ್ದಿನಲ್ಲಿ ಅವನಿಗೆ ಒಂದೂ ಕೇಳಿಸುತ್ತಿರಲಿಲ್ಲ.

ಕೊಲಂಬೋನೇ ಯಾಕೆ ಅಂದರೆ, ಅದಕ್ಕೆ ಅವನ ಕೆಲಸವೇ ಕಾರಣ. ಅದಿರು ತುಂಬಿದ ವ್ಯಾಗನ್ನು ಒಳಗೆ ಬರುವಾಗ ತೂಕ ಬರೆಯಬೇಕು, ಕಬ್ಬಿಣ ತುಂಬಿದ ವ್ಯಾಗನ್ನು ಹೊರಗೆ ಹೋಗುವಾಗ ತೂಕ ಬರೆಯಬೇಕು. ಹದಿನಾಲ್ಕು ವರ್ಷದಿಂದ ಇಷ್ಟೇ. ಹೊರಗೆ ಹೋಗುವ ವ್ಯಾಗನ್ನಿನ ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆದಿರುತ್ತಿತ್ತು. ಮದರಾಸು, ಬೊಂಬಾಯಿ, ಎಲ್ಲೋ ವರ್ಷಕ್ಕೊಮ್ಮೆ ಕೊಲಂಬೋ. ಕಾಲಿಲ್ಲದ ಕಬ್ಬಿಣ ಸಮುದ್ರ ದಾಟುತ್ತಿತ್ತು, ಎರಡು ಕಾಲಿದ್ದ ಷಡಕ್ಷರಪ್ಪ ಬೀರೂರು ಜಂಕ್ಷನ್ ದಾಟಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿ, ಸಂಕ್ರಾಂತಿ ಕಳೆದ ಭಾನುವಾರ, ಜಲೀಲ್ ಒಂದು ಪೆಟ್ರೋಲ್ ಪೆಟ್ಟಿಗೆಯ ಹಲಗೆಯ ಮೇಲೆ ಸೀಮೆಸುಣ್ಣ ಹಿಡಿದು ಖರ್ಚಿನ ಅಂದಾಜು ಹಾಕಿಕೊಟ್ಟ.

"ಹೋಗೋಕೆ ಬರೋಕೆ ಪೆಟ್ರೋಲು ನಲವತ್ತು ರೂಪಾಯಿ. ಎರಡು ಟಯರು, ಟ್ಯೂಬು ನಲವತ್ತೈದು. ಸಮುದ್ರದ ದಡದ ಮಂಡಪಂನಿಂದ ಆಚೆಗೆ ರಸ್ತೆ ಇಲ್ವಂತೆ, ಫಟಫಟೀನ ರೈಲಿಗೆ ಹಾಕಬೇಕು, ಧನುಷ್ಕೋಟೀಲಿ ಹಡಗಿಗೆ ಹಾಕಬೇಕು. ಅದಕ್ಕೆ ಅರವತ್ತು. ನಿಮ್ಮ ಊಟ, ಛತ್ರ, ಎಲ್ಲ ಸೇರಿ ನಲವತ್ತೈದು."

"ಎಲ್ಲಾ ಕಡೆ ನಲವತ್ತೈದೇ ಯಾಕೋ ಜಲೀಲ್?"

"ಅರೆ, ಅಂದಾಜು ಅಂದ್ರೆ ಅಂದಾಜು! ಪಂಕ್ಚರು, ಪೊಲೀಸು, ಪುಟಗೋಸಿ ಅಂತ ಹತ್ತು ಇಡಿ. ಆಮೇಲೆ ಆ ದಡದಲ್ಲಿ ಸುಂಕದೋರು ನೂರು ರೂಪಾಯಿ ಠೇವಣಿ ಕೇಳ್ತಾರಂತೆ. ಗಾಡೀನ ಅಲ್ಲೇ ಮಾರಿಬಿಟ್ಟು ಬರ್ತೀರಿ ಅಂತ ಅವರಿಗೆ ಅನುಮಾನ. ವಾಪಸ್ ಬರುವಾಗ ಕೊಡ್ತಾರೆ. ಒಟ್ಟು ಮುನ್ನೂರು."

ಷಡಕ್ಷರಪ್ಪನ ಸಂಬಳ ಇಪ್ಪತ್ತೆಂಟು ರೂಪಾಯಿ. ಕೂಡಿಟ್ಟಿದ್ದು ಎಂಬತ್ತೈದು. ಇನ್ನೂರ ಹದಿನೈದು ಎಲ್ಲಿಂದ ತರುವುದು? ಸಾಲ ಮಾಡಿ ಊರು ನೋಡಲು ಹೋಗುವ ಗಂಡಸಲ್ಲ ಅವನು. ಕೇಳಿದರೆ ಕೊಡುವ ಶ್ರೀಮಂತರು ಶಿವಮೊಗ್ಗದಲ್ಲಿದ್ದರು. ಆದರೆ ಅವರು ಕೊಟ್ಟ ದುಡ್ಡಿನ ಜೊತೆ ಅವರ ಬುದ್ಧಿಮಾತನ್ನೂ ಕೊಲಂಬೋವರೆಗೆ ಹೊರಬೇಕಾಗುತ್ತಿತ್ತು.

ಮನೆಯಲ್ಲಿ ಇದ್ದವಳು ಅಕ್ಕ ಕರಿಬಸಮ್ಮ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಪ್ಲೇಗಿಗೆ ಕೊಟ್ಟು ತವರಿಗೆ ಬಂದವಳು, ತಾಯಿಯಿಲ್ಲದ ತಮ್ಮನನ್ನು ಸಾಕಿ, ಓದಿಸಿ, ನೌಕರಿಗೆ ಹತ್ತಿಸಿದವಳು. ಅಕ್ಷರ ಬಾರದು. ಆದರೆ ನೆನಪು ಎಂಥದ್ದೆಂದರೆ, ಯಾರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂದು ಇಪ್ಪತ್ತು ವರ್ಷ ಬಿಟ್ಟು ಕೇಳಿದರೂ ಸೆರಗಿನ ಬಣ್ಣ ಸಮೇತ ಹೇಳುತ್ತಿದ್ದಳು. ಅವಳ ಎದುರಿಗೆ ಸುಳ್ಳು ಹೇಳುವವರು ಮೊದಲು ಪಂಚಾಂಗ ನೋಡಿಕೊಂಡು ಬರಬೇಕಾಗಿತ್ತು.

ರೊಟ್ಟಿ ತಟ್ಟುತ್ತಿದ್ದ ಅಕ್ಕನ ಮುಂದೆ ಕೂತು ಅವನು ಅಂದಾಜನ್ನೆಲ್ಲ ಒಪ್ಪಿಸಿದ. ಠೇವಣಿಯ ಮಾತು ಬಂದಾಗ ಅವಳ ಕೈ ನಿಂತಿತು.

"ಕೊಟ್ಟ ದುಡ್ಡು ವಾಪಸ್ ಬರುತ್ತೆ ಅಂತ ಯಾರೋ ಹೇಳಿದ್ದು ನಿಂಗೆ? ಯಾವ ಊರಲ್ಲಿ ಹಂಗಿದೆ?"

"ನಮ್ಮೂರಲ್ಲೇ ಇಲ್ವೇನಕ್ಕ? ಮುಯ್ಯಿ ವಾಪಸ್ ಬರಲ್ವಾ?" ಎಂದವನು, ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿ ಎದ್ದು ನಿಂತ.

ಹದಿನಾರು ವರ್ಷ! ಅಪ್ಪ ತೀರಿಕೊಂಡಾಗಿನಿಂದ ಆ ಮನೆಯಿಂದ ಮುಯ್ಯಿ ಹೋಗದ ಮದುವೆಯಿಲ್ಲ, ನಾಮಕರಣವಿಲ್ಲ, ಗೃಹಪ್ರವೇಶವಿಲ್ಲ. ಒಂದು ಕಡೆ ರೂಪಾಯಿ, ಒಂದು ಕಡೆ ಎರಡು, ಒಂದು ಕಡೆ ಹಿತ್ತಾಳೆ ಚೊಂಬು, ಕುಪ್ಪಸದ ಕಣ. ಯಾರೇ ಆಗಲಿ ಹಾಕಿದ ಮುಯ್ಯಿಯನ್ನು ತಮ್ಮ ಮನೆಯ ಕಾರ್ಯದಲ್ಲಿ ವಾಪಸ್ ಪಡೆಯುತ್ತಾರೆ. ಆದರೆ ಷಡಕ್ಷರಪ್ಪನ ಮನೆಯಲ್ಲಿ ಕಾರ್ಯವೇ ಆಗಿರಲಿಲ್ಲ. ಅವನು ಮದುವೆಯಾಗಲಿಲ್ಲ, ಆದ್ದರಿಂದ ಮಕ್ಕಳಾಗಲಿಲ್ಲ, ಮನೆಯನ್ನಂತೂ ಅಪ್ಪನೇ ಕಟ್ಟಿಸಿಟ್ಟಿದ್ದ. ಅಂದರೆ ಇಡೀ ಶಿವಮೊಗ್ಗ, ಇಡೀ ಭದ್ರಾವತಿ ಅವನಿಗೆ ಬಾಕಿ! ಆ ದಿನ ಅವನು ನಾಲ್ಕು ರೊಟ್ಟಿ ಹೆಚ್ಚಿಗೆ ತಿಂದ. ಅಕ್ಕ ಯಾಕೆ ಮಾತು ನಿಲ್ಲಿಸಿದಳು ಎಂದು ನೋಡಲೇ ಇಲ್ಲ.

ಮುಂದಿನ ಭಾನುವಾರ ಮೊದಲ ವಸೂಲಿಗೆ ಶಿವಮೊಗ್ಗದ ನಶ್ಯದ ಅಂಗಡಿ ಉಜ್ಜನಪ್ಪನ ಹತ್ತಿರ ಹೋದ. ಉಜ್ಜನಪ್ಪನಿಗೆ ಮೂವರು ಹೆಣ್ಣು, ಇಬ್ಬರು ಗಂಡು, ಐವರದೂ ಮದುವೆಯಾಗಿತ್ತು, ಐದಕ್ಕೂ ಮುಯ್ಯಿ ಹೋಗಿತ್ತು.

"ಕೊಡ್ತೀನಪ್ಪ, ಯಾರು ಇಲ್ಲ ಅಂದ್ರು?" ಎಂದ ಉಜ್ಜನಪ್ಪ ಮೂಗಿಗೆ ಒಂದು ಚಿಟಿಕೆ ಏರಿಸಿ. "ಯಾವತ್ತು ಕಾರ್ಯ? ಹೆಣ್ಣು ಯಾವ ಊರಿಂದು?"

"ಹೆಣ್ಣಿಲ್ಲ ಉಜ್ಜನಪ್ಪನೋರೆ. ಫಟಫಟಿ ಮೇಲೆ ಕೊಲಂಬೋಗೆ ಹೋಗ್ತೀನಿ. ಅದಕ್ಕೆ."

ಉಜ್ಜನಪ್ಪ ಸೀನಿದ. ನಶ್ಯಕ್ಕೋ ಈ ಮಾತಿಗೋ ಹೇಳುವುದು ಕಷ್ಟ. "ಅಲ್ಲ ಮಾರಾಯ, ಕಾರ್ಯ ಇಲ್ದೆ ಮುಯ್ಯಿ ಅಂದ್ರೆ ಏನರ್ಥ? ಅಂಗಡಿ ಬಾಗಿಲಿಗೆ ಬಂದು ಕೇಳಿದ್ರೆ ಅದು ವಸೂಲಿ ಆಯ್ತು. ಎಲೆ ಅಡಿಕೆ ಕೊಟ್ಟು ಮನೆಗೆ ಕರಿ, ಚಪ್ಪರ ಹಾಕು, ಊಟ ಹಾಕು. ತಟ್ಟೆ ಇಡು, ಬಂದು ಹಾಕ್ತೀನಿ. ಅದ್ಸರಿ, ಎಷ್ಟು ಹಾಕಿದ್ದೆ ನೀನು?"

ಟನ್ನುಗಟ್ಟಲೆ ಕಬ್ಬಿಣದ ತೂಕ ಬರೆದಿಡುತ್ತಿದ್ದ ಮಹಾನುಭಾವ ಒಂದು ಮುಯ್ಯಿಯನ್ನೂ ಬರೆದಿಟ್ಟಿರಲಿಲ್ಲ. ಅದೆಲ್ಲ ಇದ್ದದ್ದು ಅಕ್ಕನ ತಲೆಯಲ್ಲಿ.

ಮನೆಗೆ ಬಂದು ಕಾಗದ, ಪೆನ್ಸಿಲ್ ಹಿಡಿದು ಕೂತ. "ಹೇಳಕ್ಕ. ಮೊದಲು ಶಿವಮೊಗ್ಗದೋರು. ಆಮೇಲೆ ಕಾರ್ಖಾನೆ ಕಡೆಯೋರು."

ಕರಿಬಸಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. "ನೆನಪಿಲ್ಲ" ಎಂದಳು.

ಕಾರ್ಖಾನೆಯ ಕೊಳವೆಯಿಂದ ಹೊಗೆಯ ಬದಲು ಹೂವು ಬಿದ್ದಿದ್ದರೂ ಅವನಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. "ನಿಂಗೆ? ನೆನಪಿಲ್ವಾ?"

"ಇಲ್ಲ ಅಂದ್ನಲ್ಲ." ಮೊರ ಕೆಳಗಿಟ್ಟಳು. ದನಿ ಬೇರೆಯಾಗಿತ್ತು. "ಮುಯ್ಯಿ ಇಟ್ಟಿರೋದು ನಿನ್ನ ಮದುವೆಗೆ ಕಣೋ. ಒಂದೊಂದು ರೂಪಾಯಿ ಹಾಕುವಾಗ್ಲೂ ಇದು ನಮ್ಮ ಷಡಕ್ಷರಿ ಮದುವೇಲಿ ಬರುತ್ತೆ ಅಂದ್ಕೊಂಡೇ ಹಾಕಿದ್ದೀನಿ. ಅದು ಊರಲ್ಲಿ ಬಾಕಿ ಇರೋವರೆಗೂ ನಿನ್ನ ಮದುವೇನೂ ಬಾಕಿ ಇದೆ ಅಂತ ನನ್ನ ಲೆಕ್ಕ. ಇವತ್ತು ವಾಪಸ್ ತಗೊಂಡ್ರೆ, ಇನ್ನು ಆ ಮನೇಲಿ ಮದುವೆ ಇಲ್ಲ ಅಂತ ನಾವೇ ಡಂಗುರ ಹೊಡೆಸಿದ ಹಾಗೆ. ನನ್ನ ಬಾಯಿಂದ ಅದನ್ನ ಹೇಳಿಸ್ಬೇಡ."

ಷಡಕ್ಷರಪ್ಪ ಪೆನ್ಸಿಲ್ ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಹೊರಗೆ ಹೋದ. ಅವನಿಗೆ ಸಿಟ್ಟು ಬಂದಿತ್ತು. ಸ್ವಲ್ಪ ಹೊತ್ತಿಗೆ ಸಿಟ್ಟು ಇಳಿದು ಬರೀ ಸಂಕಟ ಉಳಿಯಿತು. ಮೂವತ್ತೆಂಟು ವರ್ಷದಲ್ಲಿ ಅಕ್ಕ ಅವನ ಎದುರಿಗೆ ಹೀಗೆ ಬೇಡಿಕೊಂಡಿದ್ದು ಅದೇ ಮೊದಲು. ಕೊಲಂಬೋ ದೊಡ್ಡದೋ ಅಕ್ಕ ದೊಡ್ಡವಳೋ ಎಂದು ತಕ್ಕಡಿಗೆ ಹಾಕುವ ಕೆಲಸವನ್ನು ಈ ತೂಕದ ಗುಮಾಸ್ತ ಮಾಡಲಿಲ್ಲ. ಮರುದಿನವೇ ಕಾರ್ಖಾನೆಯಿಂದ ಶಿವಮೊಗ್ಗಕ್ಕೆ ಹೋಗುವ ಲಾರಿಯವನ ಕೈಯಲ್ಲಿ ಜಲೀಲನಿಗೆ ಚೀಟಿ ಕಳಿಸಿದ: ಫಟಫಟಿಗೆ ಗಿರಾಕಿ ನೋಡು.

ಚೀಟಿ ಓದಿದ ಜಲೀಲ್ ಗಿರಾಕಿಯನ್ನು ನೋಡಲಿಲ್ಲ. ಷಡಕ್ಷರಪ್ಪ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಬಸ್ಸು ಹಿಡಿದು ನೇರ ಕರಿಬಸಮ್ಮನ ಜಗಲಿಗೆ ಬಂದ. ಚೀಟಿಯನ್ನು ಓದಿ ಹೇಳಿದ. ಅವಳು ಕೊಟ್ಟ ಮಜ್ಜಿಗೆ ಕುಡಿದ. "ಅಕ್ಕ, ನಾನು ಐದು ತಿಂಗಳು ಆ ಇಂಜಿನ್ನು ಬಿಚ್ಚಿದ್ದೀನಿ. ಅವರು ಪ್ರತಿ ವಾರ ಬಂದು ಪಕ್ಕದಲ್ಲಿ ಕೂತು ನೋಡೋರು. ಮನೆ ಬಿಟ್ಟು ಹೋದ ಮಗ ವಾಪಸ್ ಬರ್ತಾನೆ ಅಂತ ಕಾಯೋರ ಹಂಗೆ ನೋಡೋರು. ಅಷ್ಟೇ ಹೇಳೋಕೆ ಬಂದೆ" ಎಂದು ಎದ್ದು ಹೋದ.

ಮಾರನೆಯ ಬೆಳಿಗ್ಗೆ ಷಡಕ್ಷರಪ್ಪ ಮುಖ ತೊಳೆದು ಬರುವಷ್ಟರಲ್ಲಿ ಅಕ್ಕ ಕಾಗದ, ಪೆನ್ಸಿಲ್ ತಂದು ಮಣೆಯ ಪಕ್ಕ ಇಟ್ಟಿದ್ದಳು.

"ಬರ್ಕೋ. ಉಜ್ಜನಪ್ಪ, ದೊಡ್ಡ ಮಗಳಿಗೆ ಎರಡು ರೂಪಾಯಿ, ಎರಡನೇದಕ್ಕೆ ಎರಡು, ಮೂರನೇದಕ್ಕೆ ಒಂದು ಚೊಂಬು ಒಂದು ಕಣ. ಗಂಡು ಮಕ್ಕಳಿಗೆ ಒಂದೊಂದು."

"ಬೇಡಕ್ಕ. ನಾನು ಬಿಟ್ಟೆ ಅದನ್ನ."

"ಹನ್ನೊಂದು ಕಡೆ ಹೆಣ್ಣು ನೋಡೋಕೆ ಕರ್ಕೊಂಡು ಹೋದೆ ನಿನ್ನ" ಎಂದಳು ಕರಿಬಸಮ್ಮ. "ಹನ್ನೊಂದು ಕಡೇನೂ ಉಪ್ಪಿಟ್ಟು ತಿಂದು, ನಿನ್ನಿಷ್ಟ ಅಕ್ಕ ಅಂತ ಎದ್ದು ಬಂದೆ. ನೌಕರಿಗೆ ಸೇರು ಅಂದ್ರೆ ನಿನ್ನಿಷ್ಟ. ಮುಯ್ಯಿ ಹಾಕು ಅಂದ್ರೆ ನಿನ್ನಿಷ್ಟ. ಹುಟ್ಟಿದಾಗಿಂದ ನಂಗೆ ಇದು ಬೇಕು ಅಂತ ನೀನು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಬರ್ಕೋ ಅಂದೆ. ಭೈರಪ್ಪ, ಮಾವಿನಮರದ ಮನೆಯೋನು, ನಾಮಕರಣಕ್ಕೆ ಎಂಟಾಣೆ."

ಷಡಕ್ಷರಪ್ಪ ಬರೆದ. ಕಾಗದ ಮಂಜಾಗಿ ಕಾಣುತ್ತಿತ್ತು, ಆದರೂ ಬರೆದ. ಹನ್ನೆರಡು ಗಂಟೆಯವರೆಗೆ ಅಕ್ಕ ಹೇಳುತ್ತಲೇ ಇದ್ದಳು. ಆ ದಿನ ಕಾರ್ಖಾನೆಯಲ್ಲಿ ವ್ಯಾಗನ್ನುಗಳ ತೂಕವನ್ನು ಬೇರೆ ಯಾರೋ ಬರೆದುಕೊಂಡರು.

ಕಾರ್ಯ ಸೋಮವಾರ ಇಟ್ಟುಕೊಂಡರು. ಚಪ್ಪರ ಬಂತು, ಬಾಳೆಕಂದು ಬಂತು. ಕಾರಣವೇನೆಂದು ಎಲ್ಲರಿಗೂ ಹೇಳಿಯೇ ಕರೆದಿದ್ದರೂ ಅರ್ಧ ಜನ ನಂಬಿರಲಿಲ್ಲ, ಗುಟ್ಟಾಗಿ ಹೆಣ್ಣು ಗೊತ್ತಾಗಿದೆ ಎಂದೇ ಬಂದಿದ್ದರು. ಚಪ್ಪರದ ನಡುವೆ ಮಣೆಯ ಮೇಲೆ, ದೀಪದ ಗಾಜಿಗೆ ವಿಭೂತಿ ಬಳಿಸಿಕೊಂಡು, ಹಿಡಿಕೆಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಫಟಫಟಿ ನಿಂತಿತ್ತು. ಪೂಜೆಗೆ ಬಂದ ಅಯ್ಯನವರು ಅದರ ಸುತ್ತ ಎರಡು ಸಲ ಸುತ್ತಿ, "ವರ ಎಲ್ಲಿ ಕೂರ್ತಾನೆ?" ಎಂದರು. "ಅದರ ಮೇಲೇ" ಎಂದು ಯಾರೋ ಹೇಳಿದರು. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ ಹೆಣ್ಣು ಯಾವ ಕಡೆಯದು ಎಂದು ಜಲೀಲನನ್ನು ಕೇಳಿದಳು.

"ಇಂಗ್ಲೆಂಡಿನದು ಅಮ್ಮ. ಮಡಿವಂತೆ, ಅನ್ನ ಮುಟ್ಟಲ್ಲ. ಪೆಟ್ರೋಲು ಮಾತ್ರ."

ಕರಿಬಸಮ್ಮ ಮುಯ್ಯಿ ತಟ್ಟೆಯ ಪಕ್ಕದಲ್ಲಿ ಬೆಳಗಿನಿಂದ ನಿಂತಲ್ಲೇ ನಿಂತಿದ್ದಳು. ಆವತ್ತು ಅವಳ ಕಣ್ಣು ತಪ್ಪಿಸಿ ಒಂದು ಬಿಲ್ಲೆ ಆ ಕಡೆ ಈ ಕಡೆ ಆಗುವಂತಿರಲಿಲ್ಲ. ಒಂದು ರೂಪಾಯಿ ಹಾಕಿ ನುಣುಚಿಕೊಳ್ಳಲು ನೋಡಿದ ಮಂಡಿ ಸಾಹುಕಾರನನ್ನು "ನಿಮ್ಮ ತಮ್ಮನ ಮದುವೇದು ಮರೆತ್ರೇನೋ" ಎಂದು ನಗುತ್ತಲೇ ನಿಲ್ಲಿಸಿದಳು. ಎರಡು ರೂಪಾಯಿ ಹಾಕಿದ ಬಡ ಕಾಳಮ್ಮನಿಗೆ ಒಂದನ್ನು ಕೈಯಲ್ಲಿ ವಾಪಸ್ ಇಟ್ಟು, "ನಾವು ಹಾಕಿದ್ದು ಒಂದೇ, ನೀನು ಒಂದೇ ಹಾಕ್ಬೇಕು" ಎಂದು ಗದರಿದಳು. ಪಕ್ಕದ ಮನೆಯ ಸೇಲಂ ಕಡೆಯ ಫಿಟ್ಟರು, ನಮ್ಮ ಊರಲ್ಲೂ ಇದಿದೆ, ಇದಕ್ಕೆ ಮೊಯ್ ಅಂತೀವಿ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಅವನಿಗೆ ಯಾರೂ ಬಾಕಿ ಇರಲಿಲ್ಲ, ಅವನೂ ಯಾರಿಗೂ ಬಾಕಿ ಇರಲಿಲ್ಲ, ಹಾಗಾಗಿ ಇಡೀ ಚಪ್ಪರದಲ್ಲಿ ನೆಮ್ಮದಿಯಾಗಿ ಉಂಡವನು ಅವನೊಬ್ಬನೇ.

ತಪ್ಪು ತಿಳಿದದ್ದು ಎಲ್ಲರೂ ಎದ್ದು ಹೋದ ಮೇಲೆ. ಮುಯ್ಯಿ ಹೇಗೆ ಹೋಗಿತ್ತೋ ಹಾಗೇ ಬಂದಿತ್ತು. ರೂಪಾಯಿ ಹಾಕಿದ ಕಡೆಯಿಂದ ರೂಪಾಯಿ, ಚೊಂಬು ಹಾಕಿದ ಕಡೆಯಿಂದ ಚೊಂಬು. ಇಷ್ಟು ಸರಳವಾದ ಸಂಗತಿ ಷಡಕ್ಷರಪ್ಪನ ಅಂದಾಜಿಗೂ ಬಂದಿರಲಿಲ್ಲ, ಜಲೀಲನ ಹಲಗೆಗೂ ಬಂದಿರಲಿಲ್ಲ. ನಡುಮನೆಯಲ್ಲಿ ಇಪ್ಪತ್ತಾರು ಚೊಂಬು ಸಾಲಾಗಿ ನಿಂತಿದ್ದವು, ಐವತ್ತೆರಡು ಕುಪ್ಪಸದ ಕಣ ಬಣ್ಣಬಣ್ಣವಾಗಿ ಬಿದ್ದಿದ್ದವು. ಊಟದ ಖರ್ಚು ಕಳೆದು ಕೈಯಲ್ಲಿ ಉಳಿದ ನಗದು ನೂರೈವತ್ತು. ಇನ್ನೂ ಅರವತ್ತೈದು ಕಡಿಮೆ.

"ಚೊಂಬು ಮಾರಿಬಿಡೋಣ" ಎಂದ ಷಡಕ್ಷರಪ್ಪ.

"ಮುಯ್ಯಿ ಚೊಂಬನ್ನ ಬಜಾರಿಗೆ ಹಾಕ್ತೀಯಾ? ಹಾಕಿದೋರ ಹೆಸರು ಕೆತ್ತಿಸಿದ್ದಾರೆ, ಕಣ್ಣು ಬಿಟ್ಟು ನೋಡು" ಎಂದಳು ಅಕ್ಕ.

ಜಲೀಲ್ ತಲೆ ಕೆರೆದುಕೊಂಡ. "ನನ್ನ ನಿಕಾಹಿನಲ್ಲಿ ನೀವು ಎರಡು ರೂಪಾಯಿ ಸಲಾಮಿ ಕೊಟ್ಟಿದ್ರಿ. ನಾನಿನ್ನೂ ತೀರಿಸಿಲ್ಲ. ಶೆಡ್ಡಲ್ಲಿ ಎರಡು ಟಯರಿವೆ, ಒಂದು ಇಂಗ್ಲೆಂಡಿನವರೆಗೆ ಬರುತ್ತೆ, ಇನ್ನೊಂದು ಮಧುರೆವರೆಗೆ. ಇಪ್ಪತ್ತೈದು ರೂಪಾಯಿ ಹಲಗೆಯಿಂದ ಅಳಿಸಿ."

ನಲವತ್ತು ಉಳಿಯಿತು. ಕರಿಬಸಮ್ಮ ಕಣಗಳನ್ನು ಮಡಿಸುತ್ತ ಕೂತಿದ್ದಳು. ಮಡಿಸುವುದನ್ನು ನಿಲ್ಲಿಸಿ ಚೊಂಬುಗಳನ್ನು ಒಮ್ಮೆ ನೋಡಿದಳು, ತುಟಿಯಲ್ಲಿ ಏನೋ ಎಣಿಸಿದಳು. ವರ್ಷಕ್ಕೆ ಹತ್ತು ರೂಪಾಯಿಯಂತೆ ಮನೆಯ ಮುಯ್ಯಿಗೆಂದೇ ಅವಳು ಬೇರೆ ಗಂಟು ಇಟ್ಟಿರುತ್ತಿದ್ದಳು, ನಾಲ್ಕು ವರ್ಷಕ್ಕೆ ಸಾಲುವಷ್ಟು ಅದರಲ್ಲಿ ಯಾವಾಗಲೂ ಇರಬೇಕೆಂಬುದು ಅವಳ ಕಟ್ಟಳೆ. ಇನ್ನು ಐದಾರು ವರ್ಷ ಯಾರ ಮದುವೆಯಾದರೂ ಈ ಮನೆಯಿಂದ ದುಡ್ಡು ಹೋಗಬೇಕಾಗಿರಲಿಲ್ಲ. ಚೊಂಬು ಸಾಕು, ಕಣ ಸಾಕು. ಹೆಸರು ಕೆತ್ತಿದ ಚೊಂಬು ಕೆತ್ತಿಸಿದವರ ಮನೆಗೇ ಹೋಗದ ಹಾಗೆ ನೋಡಿಕೊಂಡರಾಯಿತು, ಅದಕ್ಕೆ ಅವಳ ತಲೆಯಿತ್ತು. ಎದ್ದು ಒಳಗೆ ಹೋಗಿ ಗಂಟು ತಂದು ತಮ್ಮನ ಮುಂದೆ ಬಿಚ್ಚಿದಳು. ಸರಿಯಾಗಿ ನಲವತ್ತು. ಜಲೀಲ್ ಅವಳಿಗೆ ಎರಡೂ ಕೈಯಲ್ಲಿ ಸಲಾಮು ಮಾಡಿ, ನಿಮ್ಮನ್ನು ಮೈಸೂರಿನ ಖಜಾನೆಯಲ್ಲಿ ಕೂರಿಸಬೇಕಿತ್ತು ಎಂದ.

ಎರಡು ತಿಂಗಳ ಸಂಬಳವಿಲ್ಲದ ರಜೆ ಸಿಕ್ಕಿತು. ಹೊರಡುವ ದಿನ ಬೆಳಗಾಗುವಷ್ಟರಲ್ಲಿ ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಷಡಕ್ಷರಪ್ಪ ಜಲೀಲನ ಹಳೆಯ ಖಾಕಿ ಕೋಟು ತೊಟ್ಟು, ಹಿಂದೆ ಹಾಸಿಗೆ, ರೊಟ್ಟಿಯ ಗಂಟು ಕಟ್ಟಿಕೊಂಡು, ಅಕ್ಕನ ಕಾಲಿಗೆ ಬಿದ್ದ. ಅವಳು ಅವನ ಅಂಗೈ ಬಿಡಿಸಿ ಒಂದು ಐದು ರೂಪಾಯಿ ನೋಟು ಇಟ್ಟಳು.

"ಇದ್ಯಾವುದು?"

"ನಂದು. ಪಟ್ಟೀಲಿ ಬರೆಸಿರಲಿಲ್ಲ. ನನ್ನ ಮದುವೇಲಿ ನೀನೂ ಮುಯ್ಯಿ ಹಾಕಿದ್ದೆ. ಬತ್ತಾಸಿಗೆ ಅಂತ ಅಪ್ಪ ಕೊಟ್ಟಿದ್ದ ಮೂರು ಕಾಸು. ಆರು ವರ್ಷದೋನು, ಅಳ್ತಾ ಅಳ್ತಾ ತಟ್ಟೆಗೆ ಹಾಕಿ ಓಡಿ ಹೋದೆ."

ಷಡಕ್ಷರಪ್ಪ ನೋಟನ್ನು ತಿರುಗಿಸಿ ನೋಡಿದ. "ಮೂರು ಕಾಸಿಗೆ ಐದು ರೂಪಾಯಿನಾ? ಕಾಳಮ್ಮನಿಗೆ ಒಂದು ರೂಪಾಯಿ ಹೆಚ್ಚಾಯ್ತು ಅಂತ ಗದರಿದೋಳು ನೀನು."

"ಹೆಚ್ಚಾಗ್ಲಿ ಅಂತಾನೇ ಕೊಟ್ಟಿದ್ದು. ಹೆಚ್ಚಿಂದು ನಿನ್ನ ಮೇಲೆ ಬಾಕಿ. ನೀನು ತೀರಿಸ್ಬೇಕು."

"ಎಲ್ಲಿ ತೀರಿಸ್ಲಕ್ಕ? ಮುಯ್ಯಿ ತೀರಿಸೋಕೆ ನಿಂದೂ ಒಂದು ಕಾರ್ಯ ಆಗ್ಬೇಕಲ್ಲ. ನಿಂದು ಇನ್ಯಾವ ಕಾರ್ಯ ಇದೆ?" ಎಂದುಬಿಟ್ಟ. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

ಕರಿಬಸಮ್ಮ ಅವನ ಕೋಟಿನ ಮೇಲಿನ ಗುಂಡಿ ಹಾಕಿದಳು. ಅದು ಬಿಗಿಯಾಗಿತ್ತು, ಸ್ವಲ್ಪ ಹೊತ್ತು ಹಿಡಿಯಿತು.

"ನೀನು ವಾಪಸ್ ಬರೋ ದಿನ ನನ್ನ ಕಾರ್ಯ ಕಣೋ" ಎಂದಳು. "ಆವತ್ತು ತಟ್ಟೆ ಇಡ್ತೀನಿ. ತಪ್ಪಿಸ್ಕೋಬೇಡ."

ಷಡಕ್ಷರಪ್ಪ ಆ ನೋಟನ್ನು ಮಿಕ್ಕ ದುಡ್ಡಿನ ಜೊತೆ ಸೇರಿಸದೆ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಕಿಕ್ಕರಿನ ಮೇಲೆ ಕಾಲಿಟ್ಟು ಮೂರನೆಯ ಸಲ ಒದ್ದಾಗ ಫಟಫಟಿ ಹತ್ತಿತು, ಓಣಿಯ ನಾಯಿಗಳೆಲ್ಲ ಬೊಗಳಿದವು, ಅವನು ತರೀಕೆರೆ ರಸ್ತೆ ಹಿಡಿದ. ಮಂಡಪಂನಲ್ಲಿ ರೈಲಿನ ಗುಮಾಸ್ತ ಹೆಚ್ಚಿಗೆ ದುಡ್ಡು ಕೇಳಿ ಎರಡು ದಿನ ಬರೀ ಕಡಲೆಕಾಯಿ ತಿಂದು ಇರಬೇಕಾಗಿ ಬಂದಾಗಲೂ ಅವನು ಒಳಜೇಬಿಗೆ ಕೈ ಹಾಕಲಿಲ್ಲ.